ಕಿವಿ ಹಿಡಿದು ಕಲಿತ ಹದ

ದೋಣಿಗಟ್ಟೆಯ ಎದುರು ಮನೆ,
ನವೆಂಬರ್ ಹನ್ನೆರಡು, ಮಧ್ಯಾಹ್ನ

ಪ್ರೀತಿಯ ಮಾವನವರಿಗೆ,

ನಿಮ್ಮ ಮಂಡಿನೋವು ಹೇಗಿದೆ? ಪರವಾಗಿಲ್ಲ ಎಂದು ಮಾತ್ರ ಬರೆಯಬೇಡಿ. ನಿಮ್ಮ "ಪರವಾಗಿಲ್ಲ" ಎಂಬುದರ ಅರ್ಥ ಅತ್ತೆಗೂ ಗೊತ್ತು, ನನಗೂ ಗೊತ್ತು. ಡಾಕ್ಟರು ಕೂತು ಕೆಲಸ ಮಾಡಿ ಎಂದಿದ್ದಕ್ಕೆ ಬೇಕರಿಗೆ ಸ್ಟೂಲು ತರಿಸಿ, ಅದರ ಮೇಲೆ ಹಿಟ್ಟಿನ ಚೀಲ ಕೂರಿಸಿ, ನೀವು ಪಕ್ಕದಲ್ಲಿ ನಿಂತೇ ಇರುತ್ತೀರಂತೆ. ಅತ್ತೆ ಫೋನಿನಲ್ಲಿ ಎಲ್ಲ ಹೇಳಿದರು. ನಿಮ್ಮ ಕೈಗೆ ಫೋನು ಕೊಟ್ಟರೆ "ಹೂಂ, ಸರಿ, ಇಡ್ಲಾ" ಬಿಟ್ಟು ಬೇರೆ ಮಾತೇ ಹೊರಡುವುದಿಲ್ಲ, ಅದಕ್ಕೇ ಈ ಕಾಗದ. ನಿಮ್ಮ ಕಿರಿಮಗಳು, ನಮ್ಮ ಚಿಕ್ಕವಳು, ಕಾಲೇಜು ಮುಗಿಸಿ ಬಂದು ಟ್ರೇ ಎತ್ತಿಕೊಡುತ್ತಿದ್ದಾಳೆ ಎಂದು ಕೇಳಿ ಖುಷಿಯಾಯಿತು. ಟ್ರೇ ಎತ್ತಬಹುದು, ಹಿಟ್ಟು ಮಾತ್ರ ಮುಟ್ಟಬಾರದು ಎಂದು ನೀವು ಕಟ್ಟಪ್ಪಣೆ ಮಾಡಿದ್ದೀರೆಂದೂ ಕೇಳಿದೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಹಿಂದಿನ ಕಾಗದದಲ್ಲಿ ನೀವು ಕೇಳಿದ್ದು ಒಂದೇ ಮಾತು, "ಯಾವಾಗ ಬರ್ತೀಯ?" ನಿಮ್ಮ ಮಗನಿಗೆ ಈ ದ್ವೀಪದಲ್ಲಿ ಲಾಂಚುಗಳ ಎಂಜಿನ್ ರಿಪೇರಿ ಕೆಲಸ ಸಿಕ್ಕಿ ನಾವು ಹೊರಟ ದಿನ ನೀವು ನನ್ನ ಏಪ್ರನ್ನನ್ನು ಒಲೆಯ ಪಕ್ಕದ ಮೊಳೆಗೆ ನೇತುಹಾಕಿ ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. "ಚಳಿಗಾಲದವರೆಗೆ ನೋಡು. ಅಲ್ಲಿ ಬ್ರೆಡ್ ಕೈ ಹಿಡೀಲಿಲ್ಲ ಅಂದ್ರೆ ಗಂಡನ್ನ ಅಲ್ಲೇ ಬಿಟ್ಟಾದ್ರೂ ವಾಪಸ್ ಬಾ. ಇದು ಇಲ್ಲೇ ಇರುತ್ತೆ, ಯಾರೂ ಮುಟ್ಟೋ ಹಾಗಿಲ್ಲ." ಬಸ್ಸಿನಲ್ಲಿ ನಾನು ಅತ್ತದ್ದು ತವರು ಬಿಟ್ಟಾಗ ಅತ್ತದ್ದಕ್ಕಿಂತ ಹೆಚ್ಚು. ಉತ್ತರ ಕೊಡುತ್ತೇನೆ, ಅವಸರ ಮಾಡಬೇಡಿ. ಮೊದಲು ಇಲ್ಲಿನ ಹವೆಯ ವಿಷಯ ಕೇಳಿ. ಅದಿಲ್ಲದೆ ಬ್ರೆಡ್ಡಿನ ಕಥೆಗೆ ತಲೆಬುಡ ಇರುವುದಿಲ್ಲ.

ನಮ್ಮೂರಿನ ಹವೆ ನಿಮ್ಮ ಸ್ವಭಾವದ ಹಾಗೆ, ಬೇಜಾರು ಮಾಡಿಕೊಳ್ಳಬೇಡಿ. ಮಧ್ಯಾಹ್ನ ಕೆಂಡಾಮಂಡಲ, ಹೊತ್ತು ಮುಳುಗಿದರೆ ತಣ್ಣಗೆ. ಬೇಸಿಗೆಯಲ್ಲಿ ಬೀದಿಗೆ ಕಾಲಿಟ್ಟರೆ ಹುರಿದು ಹಾಕುತ್ತದೆ, ಚಳಿಗಾಲದಲ್ಲಿ ತುಟಿ ಒಡೆದು ನಗುವುದಕ್ಕೂ ಯೋಚನೆ ಮಾಡಬೇಕು. ಇಲ್ಲಿ ಹಾಗಲ್ಲ. ಸಮುದ್ರಕ್ಕೆ ಬೇಗ ಬಿಸಿಯಾಗುವುದೂ ಗೊತ್ತಿಲ್ಲ, ಬೇಗ ಆರುವುದೂ ಗೊತ್ತಿಲ್ಲ. ಸುತ್ತ ಅದೇ ಇದ್ದ ಮೇಲೆ ದ್ವೀಪವೂ ಅದರ ಮಾತು ಕೇಳಿಕೊಂಡು ಇದ್ದುಬಿಡುತ್ತದೆ. ಅತ್ತೆಯ ಸ್ವಭಾವ ಅನ್ನಿ. ಹಗಲಿಗೂ ರಾತ್ರಿಗೂ, ಬೇಸಿಗೆಗೂ ಚಳಿಗಾಲಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಮೊನ್ನೆ ಗಾಳಿ ಚೂರು ತಣ್ಣಗೆ ಬೀಸಿದ್ದಕ್ಕೆ ಇಲ್ಲಿನವರು ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು "ಏನ್ರೀ ಇದು ಚಳಿ, ಜೀವ ಹೋಗುತ್ತೆ" ಎನ್ನುತ್ತಿದ್ದರು. ಅದೇ ಹೊತ್ತಿಗೆ ನಿಮ್ಮ ಮಗ ಬನಿಯನ್ನಿನಲ್ಲಿ ಕೂತು ಬೀಸಣಿಗೆ ಹುಡುಕುತ್ತಿದ್ದರು.

ಆದರೆ ಈ ತೇವ ಇದೆಯಲ್ಲ, ಅದರ ಕೈಯಿಂದ ತಪ್ಪಿಸಿಕೊಂಡವರಿಲ್ಲ. ಡಬ್ಬಿಯ ಉಪ್ಪನ್ನು ಚಮಚದಿಂದ ಕೆರೆಯಬೇಕು. ಬೆಂಕಿಕಡ್ಡಿ ಗೀಚಿದರೆ ತಲೆ ಉದುರಿ ಬೀಳುತ್ತದೆ. ಕಪಾಟಿನ ಬಾಗಿಲು ಊದಿಕೊಂಡು, ಒಂದು ಒದೆ ಬೀಳದೆ ತೆರೆಯುವುದಿಲ್ಲ. ಇವರು ಸ್ಪ್ಯಾನರುಗಳಿಗೆ ದಿನಾ ಎಣ್ಣೆ ಹಚ್ಚುತ್ತಾರೆ, ನನ್ನ ತಲೆಗೆ ಎಣ್ಣೆ ಇದೆಯೋ ಇಲ್ಲವೋ ಕೇಳುವವರಿಲ್ಲ. ಅಲ್ಲಿ ಒಗೆದ ಟವೆಲನ್ನು ಹರವಿ ಒಳಗೆ ಹೋಗಿ ಬರುವಷ್ಟರಲ್ಲಿ ಹಪ್ಪಳದ ಹಾಗೆ ಗರಿಗರಿಯಾಗಿರುತ್ತಿತ್ತು. ಇಲ್ಲಿ "ಒಣಗಿದೆ" ಎಂದರೆ ನೀರು ತೊಟ್ಟಿಕ್ಕುವುದು ನಿಂತಿದೆ ಎಂದು ಅರ್ಥ. ಪಕ್ಕದ ಮನೆಯ ಅಜ್ಜಿ "ಒಣಗಿದೆ ತಗೊಳ್ಳಮ್ಮ" ಎಂದು ಕೊಟ್ಟ ಬೆಡ್‌ಶೀಟನ್ನು ನಾನು ಇನ್ನೊಂದು ಸಲ ಹಿಂಡಿದ್ದೇನೆ. ಒಂದು ಲಾಭ ಹೇಳಬೇಕು, ನನ್ನ ಹಿಮ್ಮಡಿಯ ಬಿರುಕು ಮುಚ್ಚಿಹೋಗಿದೆ. ಅತ್ತೆಗೆ ಹೇಳಿ, ಹೊಟ್ಟೆಕಿಚ್ಚು ಪಡಲಿ.

ಇಂಥ ಹವೆಯಲ್ಲಿ ನಾನು ನಿಮ್ಮ ಲೆಕ್ಕದ ಬ್ರೆಡ್ ಮಾಡಲು ಹೊರಟೆ. ಅಲ್ಲಿ ನೀರು ಎಷ್ಟು ಎಂದು ಕೇಳಿದಾಗಲೆಲ್ಲ ನೀವು ಜಗ್ಗಿನ ಗೆರೆ ತೋರಿಸುತ್ತಿದ್ದಿರಿ. ನಾನು ಅಂಥದೇ ಜಗ್ಗು ತಂದು ಅದೇ ಗೆರೆಯವರೆಗೆ ನೀರು ಸುರಿದೆ. ಅಲ್ಲಿನ ಹಿಟ್ಟು ಬಾಯಾರಿಕೊಂಡೇ ಇರುತ್ತದೆ, ಮೇಲೆ ಒದ್ದೆಬಟ್ಟೆ ಮುಚ್ಚದಿದ್ದರೆ ಚರ್ಮ ಕಟ್ಟುತ್ತದೆ. ಇಲ್ಲಿನದು ಚೀಲದಲ್ಲಿದ್ದಾಗಲೇ ಗಾಳಿಯಿಂದ ನೀರು ಕುಡಿದು ಬಂದಿರುತ್ತದೆ ಎಂದು ನನಗೇನು ಗೊತ್ತು? ಹಿಟ್ಟು ಕೈಗೆ, ಮೇಜಿಗೆ, ಮೊಣಕೈಗೆ ಅಂಟಿಕೊಂಡಿತು. ಹೇಗೋ ಬೇಯಿಸಿ ಮಾರಿದರೆ ಪಕ್ಕದ ಮನೆ ಅಜ್ಜಿ ಸಂಜೆಗೆ ವಾಪಸ್ ತಂದರು. ಬ್ರೆಡ್ಡನ್ನು ಎರಡು ಕೈಯಲ್ಲಿ ಹಿಡಿದು ಟವೆಲಿನ ಹಾಗೆ ತಿರುಚಿ ತೋರಿಸಿ, "ನೀನೇ ನೋಡಮ್ಮ, ಇದನ್ನ ತಿನ್ನೋದಾ, ಹಿಂಡಿ ಒಣಗಿಸೋದಾ?" ಎಂದರು. ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು. ಅವತ್ತು ಪೆಟ್ಟಿಗೆ ಕೆಳಗಿಳಿಸಿ ಬಟ್ಟೆ ತುಂಬಲು ಶುರುಮಾಡಿದ್ದೂ ಉಂಟು ಮಾವ. ನಿಮ್ಮ ಮೊಳೆ, ನನ್ನ ಏಪ್ರನ್ ಕಣ್ಣ ಮುಂದೆ ಬರುತ್ತಿತ್ತು.

ಇನ್ನು ನಗುವ ವಿಷಯ. ನಾದಿ ಮುಗಿಸುವ ಹೊತ್ತಿಗೆ ನೀವು ಒಂದು ಕೈಯಲ್ಲಿ ಹಿಟ್ಟನ್ನೂ ಇನ್ನೊಂದು ಕೈಯಲ್ಲಿ ನಿಮ್ಮ ಕಿವಿಯ ಹಾಲೆಯನ್ನೂ ಹಿಡಿಯುತ್ತೀರಲ್ಲ, ಅದನ್ನು ನಾನು ಏನೆಂದು ತಿಳಿದಿದ್ದೆ ಗೊತ್ತೇ? ಇಷ್ಟು ಹೊತ್ತು ಗುದ್ದಿ ಹಿಸುಕಿದ್ದಕ್ಕೆ ಹಿಟ್ಟಿನ ಹತ್ತಿರ ತಪ್ಪಾಯಿತು ಎಂದು ಕೇಳಿಕೊಳ್ಳುತ್ತೀರಿ ಅಂದುಕೊಂಡಿದ್ದೆ. ನೀವು ಬಾಯಿಬಿಟ್ಟು ಹೇಳಿದವರಲ್ಲ, ನಾನು ಕೇಳಿದವಳಲ್ಲ. ಎಷ್ಟು ದೊಡ್ಡ ಮನಸ್ಸು ಎಂದು ಮೆಚ್ಚಿಕೊಂಡು, ಮದುವೆಯಾಗಿ ಬಂದಾಗಿನಿಂದ ನಾನೂ ದಿನಾ ಭಕ್ತಿಯಿಂದ ಕಿವಿ ಹಿಡಿದುಕೊಂಡು ಬಂದೆ, ಅದೂ ಎರಡೂ ಕಿವಿ. ಪೆಟ್ಟಿಗೆ ಇಳಿಸಿದ ಮರುದಿನ ಇವರು ಚಹಾ ಕೇಳಲು ಬಂದವರು ನನ್ನನ್ನು ಆ ಭಂಗಿಯಲ್ಲಿ ನೋಡಿ "ಇದೇನೇ ಶಿಕ್ಷೆ?" ಎಂದರು. ಹೇಳಿದೆ. ನಿಮ್ಮ ಮಗ ನಕ್ಕ ನಗುವಿಗೆ ದೋಣಿಗಟ್ಟೆಯ ಮೇಲಿನ ಕಾಗೆಗಳು ಹಾರಿಹೋದವು. "ಅಯ್ಯೋ ಪುಣ್ಯಾತ್ಗಿತ್ತಿ, ಅಪ್ಪ ತಪ್ಪಾಯ್ತು ಅನ್ನೋದಾ? ಅಮ್ಮನ ಹತ್ರಾನೇ ಒಂದು ದಿನ ಅಂದಿಲ್ಲ, ಹಿಟ್ಟಿನ ಹತ್ರ ಅಂತಾರಾ? ಹದ ನೋಡೋದು ಕಣೇ ಅದು. ಕಿವಿ ಎಷ್ಟು ಮೆತ್ತಗಿದ್ಯೋ ಹಿಟ್ಟೂ ಅಷ್ಟೇ ಮೆತ್ತಗಿರಬೇಕು."

ಜಗ್ಗನ್ನು ಅವತ್ತೇ ಗಿಡಕ್ಕೆ ನೀರು ಹಾಕಲು ಕೊಟ್ಟೆ. ಹಿಟ್ಟನ್ನೊಮ್ಮೆ ಚಿವುಟಿ, ಕಿವಿಯನ್ನೊಮ್ಮೆ ಚಿವುಟಿ, ನೀರನ್ನು ಚೂರುಚೂರೇ ಹಾಕಿದೆ. ಗೆರೆಗಿಂತ ಎಷ್ಟೋ ಕೆಳಗೆ ನಿಂತಿತು. ಊರು ಬದಲಾದರೂ ಕಿವಿ ಬದಲಾಗುವುದಿಲ್ಲವಲ್ಲ, ಪುಣ್ಯ. ಸಂಜೆಯವರೆಗೆ ಇಟ್ಟರೆ ಇಲ್ಲಿ ಯಾವ ಬ್ರೆಡ್ಡಾದರೂ ಮೆತ್ತಗಾಗುತ್ತದೆ, ಅದಕ್ಕೆ ಈಗ ದೊಡ್ಡದು ಬಿಟ್ಟು ಚಿಕ್ಕ ಚಿಕ್ಕ ಬನ್ನು ಮಾಡುತ್ತೇನೆ, ಸಂಜೆಯ ಕೊನೆಯ ಲಾಂಚು ಬರುವ ಹೊತ್ತಿಗೆ ಸರಿಯಾಗಿ ಒಲೆಯಿಂದ ತೆಗೆಯುತ್ತೇನೆ. ಕೆಲಸ ಮುಗಿಸಿ ಬಂದವರು ಮನೆಗೆ ಹೋಗುವ ಮೊದಲೇ ಅರ್ಧ ತಿಂದಿರುತ್ತಾರೆ. ಬ್ರೆಡ್ಡು ತಿರುಚಿದ ಅಜ್ಜಿಯೇ ಈಗ ಸಾಲಿನಲ್ಲಿ ಮೊದಲು ನಿಂತು, ಹಿಂದಿನವರಿಗೆ "ತಳ್ಳಬೇಡ್ರಪ್ಪ, ನನ್ನ ಹುಡುಗಿ ಮಾಡ್ತಾಳೆ" ಎಂದು ಜೋರು ಮಾಡುತ್ತಾರೆ. ನನ್ನ ಹುಡುಗಿಯಂತೆ. ನನಗೆ ಹಿಡಿಸಲಾರದಷ್ಟು ಸಂತೋಷವಾಗಿದೆ ಮಾವ, ಅದನ್ನು ಮೊದಲು ನಿಮಗೇ ಹೇಳಬೇಕು ಅನ್ನಿಸಿತು.

ಕೊನೆಯ ಲಾಂಚಿಗೆ ಮುಂಚಿನದರ ಸೀಟಿ ಕೇಳಿಸಿತು, ಬನ್ನು ಒಲೆಗೆ ಹೋಗಬೇಕು. ಅತ್ತೆಗೆ ನಮಸ್ಕಾರ, ಚಿಕ್ಕವಳಿಗೆ ಒಂದು ಮುತ್ತು. ನಿಮ್ಮ ಮಂಡಿಗೆ ಆ ಸ್ಟೂಲು, ದಯವಿಟ್ಟು. ನಿಮ್ಮ ಆಶೀರ್ವಾದ ಈ ಪುಟ್ಟ ಒಲೆಯ ಮೇಲೂ ಇರಲಿ.

ನಿಮ್ಮ ಸೊಸೆ,
(ನೀವಿಟ್ಟ ಹೆಸರಿನಲ್ಲಿ) ಬಾಯಿಬಡುಕಿ

ವಿ.ಸೂ.: ನಿಮ್ಮ ಪ್ರಶ್ನೆಗೆ ಉತ್ತರ. ನೋಡಲು ಬರುತ್ತೇನೆ ಮಾವ, ಇರಲು ಬರುವುದಿಲ್ಲ. ಮೊಳೆಯಲ್ಲಿರುವ ಏಪ್ರನ್ ಚಿಕ್ಕವಳಿಗೆ ಕೊಡಿ. ಅವಳಿಗೆ ಅದರ ಮೇಲೆ ಕಣ್ಣಿದ್ದು ನನಗೆ ಮೊದಲಿನಿಂದ ಗೊತ್ತು, ನಿಮಗೂ ಗೊತ್ತು. ಕಿವಿ ಯಾಕೆ ಮುಟ್ಟುತ್ತೀರೆಂದು ಅವಳಿಗಾದರೂ ಬಾಯಿಬಿಟ್ಟು ಹೇಳಿ. ಇದನ್ನು ಎಡಗೈಯಲ್ಲಿ ಕಿವಿ ಹಿಡಿದುಕೊಂಡೇ ಬರೆಯುತ್ತಿದ್ದೇನೆ. ಈ ಸಲ ಹದ ನೋಡುವುದಕ್ಕಲ್ಲ.