ಖರಾಡಿಯ ಗೋಡೆಯಲ್ಲಿ ಅವ್ವನ ಕೈ

ತನುಶ್ರೀ,

ಇವತ್ತು ನೀನು ಫೋಟೊಗಳನ್ನು ಜೋಡಿಸಿ ಮಾಡಿದ ಕೊಲಾಜ್ ನೋಡಿದೆ. ತಮ್ಮ ಮಾಂತುವಿನ ಹೊಸ ಆಫೀಸು ತೋರಿಸಲು ಅವ್ವನನ್ನು ಪುಣೆಯ ಆಚೆ ತುದಿಯ ಖರಾಡಿಗೆ ಕರೆದೊಯ್ದಿದ್ದೆ. ಒಳಗೆ ಕಾಲಿಟ್ಟರೆ ಗೋಡೆಯ ತುಂಬ ನಮ್ಮ ಬಿಬವೇವಾಡಿಯ ಓಣಿ: ತರಕಾರಿ ಗಾಡಿಗಳು, ನಿಮ್ಮಪ್ಪನ ಹೋಟೆಲಿನ ಬೋರ್ಡು, ನಮ್ಮ ಅಡುಗೆಮನೆಯ ಕಿಟಕಿ. ಕಿಟಕಿಯಲ್ಲಿ ರೊಟ್ಟಿ ಬಡಿಯುತ್ತಿದ್ದ ಕೈಗಳನ್ನು ಸುಟ್ಟ ಕಲೆಯಿಂದಲೇ ಅವ್ವ ಗುರುತು ಹಿಡಿದಳು.

“ರೇಣು, ಕೈ ನನ್ನವ ಅದಾವ. ಮಾರಿ ಯಾರ್ದು?”

ಯಾವಳೋ ಚೆಲುವೆಯ ಮುಖ. ಕಂಪ್ಯೂಟರಿನಲ್ಲಿ ಎಷ್ಟು ನಾಜೂಕಾಗಿ ಕೂಡಿಸಿದ್ದೀಯ ಎಂದರೆ ಕತ್ತಿನ ಹತ್ತಿರ ಒಂದು ಗೆರೆಯೂ ಕಾಣುವುದಿಲ್ಲ. ಆ ಫೋಟೊ ತೆಗೆದ ದಿನ ನೀನು ನಮ್ಮ ಅಡುಗೆಮನೆಯಲ್ಲೇ ಕೂತು ಬಿಸಿ ರೊಟ್ಟಿ ತಿಂದೆ. “ಅಮ್ಮಾ, ನಿಮ್ಮ ಮುಖ ಎಷ್ಟು ಚಂದ!” ಎಂದೂ ಹೇಳಿದೆ.

ಅವ್ವ ಹತ್ತಿರ ಹೋದಾಗ ವಾಚ್‌ಮನ್ ಮರಾಠಿಯಲ್ಲಿ ಗದರಿದ: “ಮಾವಶಿ, ಹಾತ್ ಲಾವೂ ನಕಾ!”

ತನ್ನ ಕೈಯನ್ನು ತಾನೇ ಮುಟ್ಟಬಾರದಂತೆ.

ರಿಕ್ಷಾದಲ್ಲಿ ಅವ್ವ ಸೆರಗನ್ನು ಹಣೆಯ ಮೇಲೆ ಎಳೆದುಕೊಂಡು ಕೂತಳು. ಆಮೇಲೆ ಕೇಳಿದಳು: “ತನು ನಮ್ಮನಿಗೆ ಬರೂದ ಯಾಕ ಬಿಟ್ಲು?”

ನೀನು ಊರಲ್ಲಿಲ್ಲ ಎಂದು ಸುಳ್ಳು ಹೇಳಿದೆ.

“ಬಂದ್ರ ಊಟಕ್ಕ ಕರಿ,” ಎಂದಳು. “ರೊಟ್ಟಿ ಬಡದ ಕೊಡ್ತೀನಿ. ಮಾರಿ ತೋರ್ಸೂದಿಲ್ಲ.”

ರೇಣು