ಪಿಸ್ಟನ್ನಿನ ಗೀರು

ಕೀತ್ಲಿ, ಯಾರ್ಕ್‌ಶೈರ್
ಕ್ರಿಸ್‌ಮಸ್ ಮರುದಿನ, 1992

ಪ್ರೀತಿಯ ಮಾವನವರಿಗೆ,

ನೀವು ಹೋಗಿ ಏಳು ವಾರವಾಯಿತು. ಹೋದವರಿಗೆ ಕಾಗದ ಬರೆಯುವವನು ಅರೆಹುಚ್ಚ ಎಂದು ನೀವಿದ್ದಿದ್ದರೆ ಅನ್ನುತ್ತಿದ್ದಿರಿ. ಅನ್ನಿ, ಪರವಾಗಿಲ್ಲ. ಇದ್ದಾಗಲೇ ಹೇಳೋಣವೆಂದರೆ ನಮ್ಮ ಕಡೆಯ ಗಂಡಸರಿಗೆ ‘ಉಪಕಾರವಾಯಿತು’ ಎನ್ನುವ ಮಾತು ಗಂಟಲು ದಾಟಿ ಬರುವುದಿಲ್ಲ. ಅದರ ಬದಲು ಎದ್ದುಹೋಗಿ ಇನ್ನೊಂದು ಕಪ್ ಚಹಾ ಮಾಡಿಕೊಡುತ್ತೇವೆ. ಮೂವತ್ತೊಂದು ವರ್ಷದಲ್ಲಿ ನಿಮಗೆ ಎಷ್ಟು ಚಹಾ ಕುಡಿಸಿದೆನೋ ದೇವರೇ ಬಲ್ಲ.

1961ರ ಇದೇ ದಿನ ನಾನು ನಿಮ್ಮ ಮಗಳು ಮೇವಿಸ್‌ಳನ್ನು ಮದುವೆಗೆ ಕೇಳಲೆಂದೇ ನಿಮ್ಮ ಮನೆಗೆ ಬಂದವನು. ನಿಮ್ಮ ಅಜ್ಜ ಜರ್ಮನಿಯಿಂದ ತಂದಿದ್ದ ಆಟಿಕೆ ಉಗಿ ಎಂಜಿನ್ನನ್ನು ಎಲ್ಲರೆದುರು ಓಡಿಸುವುದು ವರ್ಷದಲ್ಲಿ ಅದೊಂದೇ ದಿನವೆಂದೂ, ಹೊರಗಿನವರು ಅದನ್ನು ಮುಟ್ಟುವಂತಿಲ್ಲವೆಂದೂ ಅವಳು ಮೊದಲೇ ಎಚ್ಚರಿಸಿದ್ದಳು. ನೀವು ಉಣ್ಣೆ ಗಿರಣಿಯಲ್ಲಿ ಮೂವತ್ತು ವರ್ಷ ದೊಡ್ಡ ಎಂಜಿನ್ನುಗಳಿಗೆ ಎಣ್ಣೆ ಹಾಕಿದವರು. ನಾನು ಬೂಟಿನಂಗಡಿಯಲ್ಲಿ ಗಿರಾಕಿಗಳ ಪಾದ ಅಳೆಯುವವನು. ಅಂಥ ನನ್ನನ್ನು ಅಡಿಗೆಮನೆಗೆ ಕರೆದು, ಬೇರೆ ಯಾರೂ ಇಲ್ಲದಾಗ, ಎಣ್ಣೆ ಡಬ್ಬಿ ಕೈಗಿತ್ತು, “ಎಲ್ಲಾ ಕಡೆ ನೋಡ್ಕೊಂಡು ಹಾಕು” ಎಂದಷ್ಟೇ ಹೇಳಿ ಹೋದಿರಿ.

ಚಕ್ರದ ಅಚ್ಚಿಗೆ ಎರಡೆರಡು ಹನಿ ಬಿಟ್ಟೆ. ಉಗಿ ಕೊಳವೆಗೆ ಕೂಡಿಸಿದ್ದ ಪುಟ್ಟ ಎಣ್ಣೆ ಬಟ್ಟಲಿನ ಮುಚ್ಚಳ ತೆಗೆದರೆ ಅದು ಕಂಠಮಟ್ಟ ತುಂಬಿತ್ತು, ಮೇಲೆ ಎಣ್ಣೆ ಮಿರಿಮಿರಿ ಮಿನುಗುತ್ತಿತ್ತು. ತುಂಬಿದ್ದಕ್ಕೆ ಮತ್ತೇನು ಸುರಿಯುವುದೆಂದು ಮುಚ್ಚಿಬಿಟ್ಟೆ. ಎಂಜಿನ್ ಓಡುವಾಗ ಉಗಿ ಆ ಬಟ್ಟಲಲ್ಲಿ ತಣಿದು ನೀರಾಗಿ ತಳಕ್ಕಿಳಿಯುತ್ತದೆ, ಎಣ್ಣೆಯನ್ನು ಮೇಲೆತ್ತಿ ಸಿಲಿಂಡರಿಗೆ ಕಳಿಸುತ್ತದೆ. ಹಾಗಾಗಿ ಓಡಿ ನಿಂತ ಎಂಜಿನ್ನಿನ ಬಟ್ಟಲಲ್ಲಿ ಉಳಿಯುವುದು ನೀರೇ ಎಂದು ನನಗೇನು ಗೊತ್ತು? ಹಿಂದಿನ ದಿನವಷ್ಟೇ ನೀವು ಅದನ್ನು ಪರೀಕ್ಷೆಗೆಂದು ಓಡಿಸಿದ್ದಿರಿ.

ಹಣ್ಣಿನ ಕೇಕು, ಚೀಸು ಹಿಡಿದು ಎಲ್ಲರೂ ಮೇಜಿನ ಸುತ್ತ ನೆರೆದಿದ್ದರು. “ಅಣ್ಣಾ, ಈ ಕಂಡೋರ ಕಾಲು ಹಿಡಿಯೋನನ್ನ ಎಂಜಿನ್ ಹತ್ರ ಬಿಟ್ಟಿಲ್ಲ ತಾನೆ? ಅದಕ್ಕೂ ಬೂಟ್ ತೊಡಿಸಿಬಿಟ್ಟಾನು” ಎಂದ ನಿಮ್ಮ ತಮ್ಮ ಸೆತ್. ಬಾಯ್ಲರಿನಡಿಯ ಸ್ಪಿರಿಟ್ ದೀಪ ಹೊತ್ತಿತು, ಚಕ್ರ ತಿರುಗಿತು. ನಾಲ್ಕೈದು ನಿಮಿಷದಲ್ಲಿ ಕಿರ್ರೆಂದು ನಿಂತೇಹೋಯಿತು. “ಎಣ್ಣೆ ನೋಡಿದ್ದು ಯಾರಪ್ಪಾ?” ಎಂದು ಸೆತ್ ಕೇಳಿದ. ನಾನು ಬಾಯಿ ತೆರೆಯಬೇಕಾಗಿತ್ತು. ತೆರೆಯಲಿಲ್ಲ. ನೀವು ದೀಪ ಆರಿಸಿ, “ನಾನೇ. ಮರೆತೆ” ಎಂದಿರಿ.

“ಮೂವತ್ತು ವರ್ಷ ಎಣ್ಣೆ ಹಾಕ್ದೋನು ಮರೆತ್ಯಾ? ವಯಸ್ಸಾಯ್ತು ಬಿಡಣ್ಣ ನಿಂಗೆ” ಎಂದು ಅವನು ಸಂಜೆಯವರೆಗೂ ನಿಮ್ಮನ್ನು ಗೋಳು ಹೊಯ್ದುಕೊಂಡ. ಅವನು ಸಾಯುವವರೆಗೂ ಪ್ರತಿ ಕ್ರಿಸ್‌ಮಸ್‌ಗೆ ಅದೇ ಹಾಡು. ನೀವು ಒಂದು ದಿನವೂ ತುಟಿ ಪಿಟಕ್ಕೆನ್ನಲಿಲ್ಲ.

ಅಂದೇ ನೀವು ಎಂಜಿನ್ನನ್ನು ಹಿತ್ತಿಲ ಶೆಡ್ಡಿಗೆ ಒಯ್ದಾಗ ನಾನು ಹಿಂದೆಯೇ ಬಂದು, “ತಪ್ಪು ನಂದು, ಮಿಸ್ಟರ್ ಹೋಲ್‌ರಾಯ್ಡ್” ಎಂದೆ. “ನಂಗೊತ್ತಿಲ್ವಾ?” ಎಂದು ನೀವು ಬಟ್ಟಲಿನ ಅಡಿಯ ತಿರುಪು ಸಡಿಲಿಸಿ ನನ್ನ ಅಂಗೈಗೆ ನೀರಿಳಿಸಿದಿರಿ. “ಮೊದ್ಲು ಇದನ್ನ ತೆಗೀಬೇಕು. ಆಮೇಲೆ ಈ ಗಟ್ಟಿ ಎಣ್ಣೆ. ತೆಳು ಎಣ್ಣೆ ಹಾಕಿದ್ಯೋ, ಉಗಿ ತೊಳ್ಕೊಂಡು ಹೋಗುತ್ತೆ.” ಮೇವಿಸ್ ವಿಷಯ ತೊದಲಿದೆ. “ಅವಳನ್ನ ಕೇಳು, ನನ್ನನ್ನೇನು ಕೇಳ್ತೀಯ” ಎಂದು ನೀವು ಎಂಜಿನ್ನಿನ ಕಡೆ ತಿರುಗಿಕೊಂಡಿರಿ.

ಅವಳು ಒಪ್ಪಿದಳು. ನೀವು ಒಪ್ಪಿದಿರೋ ಇಲ್ಲವೋ ನನಗೆ ತಿಳಿಯಲೇ ಇಲ್ಲ. ಎಣ್ಣೆಯಿಲ್ಲದೆ ಓಡಿ ಗೀರು ಬಿದ್ದಿದ್ದ ಪಿಸ್ಟನ್ನನ್ನು ನೀವು ಉಜ್ಜಿ ನುಣುಪು ಮಾಡಿದಿರಿ. ಅದು ಕೊಂಚ ಸಡಿಲವಾಗಿ, ಅಂದಿನಿಂದ ಎಂಜಿನ್ ಸುತ್ತಿಗೊಮ್ಮೆ ಟಕ್ ಎನ್ನತೊಡಗಿತು. ಆ ಸದ್ದು ಕೇಳಿದಾಗಲೆಲ್ಲ, ಇಂಥವನ ಕೈಗೆ ಮಗಳನ್ನೂ ಕೊಟ್ಟೆನಲ್ಲ ಎಂದು ನೀವು ಕೊರಗುತ್ತಿದ್ದೀರೇನೋ ಅಂದುಕೊಂಡು ನಾನು ತಲೆ ತಗ್ಗಿಸುತ್ತಿದ್ದೆ. ನಿಮ್ಮ ಮುಖ ನೋಡಿ ಏನನ್ನಾದರೂ ತಿಳಿಯುವುದುಂಟೇ.

ಈಗಲಾದರೂ ನನ್ನ ತಪ್ಪು ಸರಿಪಡಿಸೋಣವೆಂದು ಇಂದು ಬೆಳಿಗ್ಗೆ ಸಿಲಿಂಡರ್ ಬಿಚ್ಚಲು ಕೂತೆ. ಅತ್ತೆ ಬಂದು ಕೈ ತಡೆದರು. ನಿಮ್ಮ ಮೇಜಿನ ಖಾನೆ ಎಳೆದು ಎಣ್ಣೆ ಕಾಗದದ ಪೊಟ್ಟಣವೊಂದನ್ನು ನನ್ನ ಮುಂದಿಟ್ಟರು. ಒಳಗೆ ನೀವೇ ಕಡೆದ ಹೊಸ ಪಿಸ್ಟನ್. ಕಾಗದದ ಮೇಲೆ ನಿಮ್ಮ ಅಕ್ಷರದಲ್ಲಿ ‘ಜನವರಿ 1962’.

“ಆಗ್ಲೇ ಮಾಡಿಟ್ಟಿದ್ರು ಕಣಪ್ಪಾ ಲೆನ್” ಎಂದರು ಅತ್ತೆ. “ಯಾಕೆ ಹಾಕಲ್ಲ ಅಂತ ಕೇಳ್ದೆ. ‘ಅದು ಆ ಹುಡುಗ ನಮ್ಮನೆಗೆ ಬಂದ ಸದ್ದು. ಇರ್ಲಿ ಬಿಡು’ ಅಂದ್ರು.”

ನಾನು ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ, ಮಾವ. ಅತ್ತೆ ಬೆನ್ನು ಸವರಿದರು. ಪೊಟ್ಟಣವನ್ನು ಇದ್ದಲ್ಲೇ ಇಟ್ಟೆ. ಈಗ ಮೇವಿಸ್ ದೀಪ ಹಚ್ಚಿದ್ದಾಳೆ, ಎಂಜಿನ್ ಓಡುತ್ತಿದೆ, ಟಕ್ ಟಕ್ ಎನ್ನುತ್ತಿದೆ, ಮೊದಲ ಸಲ ನಾನು ತಲೆಯೆತ್ತಿ ಕೇಳುತ್ತಿದ್ದೇನೆ.

ಇರುವಲ್ಲಿ ನೆಮ್ಮದಿಯಾಗಿರಿ. ನಮ್ಮೆಲ್ಲರ ಮೇಲೆ ನಿಮ್ಮ ಹರಕೆಯಿರಲಿ.

ನಿಮ್ಮ ಅಳಿಯ,
ಲೆನಾರ್ಡ್