ಗಾಲಿಯ ಮುಂದಿನ ಕಲ್ಲು

ನೇಸರಿ. ೪ ಮೇ ೧೯೬೪, ಸೋಮವಾರ

ಅಕ್ಷರ ಸೊಟ್ಟ. ಒತ್ತು, ದೀರ್ಘ ಎಲ್ಲೆಲ್ಲಿ ತಪ್ಪಿವೆಯೋ ನನಗೇ ತಿಳಿಯದು. ತವರೂರು ಅಕಿವಾಟದ ಸಾಲಿಯಲ್ಲಿ ನಾಲ್ಕನೇ ಇಯತ್ತೆವರೆಗೆ ಕಲಿತದ್ದಷ್ಟೇ. ಆಮೇಲೆ ಈ ಕೈ ಉಣ್ಣೆ ನೂತಿತು, ಬರೆಯಲಿಲ್ಲ. ವಹಿಯೇ, ಹೊಟ್ಟೆಗೆ ಹಾಕಿಕೋ. ನಿನ್ನನ್ನು ಬೇರೆ ಯಾರೂ ಓದುವುದಿಲ್ಲ.

ಬೆಳಗ್ಗೆ ಎಂದಿನಂತೆ. ಕುರಿ ಹೊರಟವು. ಹಟ್ಟಿ ಗುಡಿಸಿದೆ. ತಾಯಿ ಸತ್ತ ಮರಿಗೆ ಹಾಲು ಕುಡಿಸಿದೆ. ಅದನ್ನು ಬಾಗಿಲ ಹತ್ತಿರವೇ ಕಟ್ಟುತ್ತೇನೆ, ನನ್ನ ಬಿಟ್ಟಿರುವುದಿಲ್ಲ.

ಮಧ್ಯಾಹ್ನ ಇವರು ನಗುತ್ತಲೇ ಒಳಗೆ ಬಂದರು. ಟ್ಯಾಕ್ಸಿ ಪರವಾನಗಿ ಸಿಕ್ಕಿದೆ! ಇಷ್ಟು ವರ್ಷ ಮಂದಿಯ ಟ್ರಕ್ ಹೊಡೆದರು. ಇನ್ನು ತಮ್ಮದೇ ದುಡಿಮೆ. ಅತ್ತೆ ಇವರ ಹಣೆಗೆ ದೇವರ ಅರಿಶಿನ, ಭಂಡಾರ ಹಚ್ಚಿದರು.

"ಗಾಡಿ ಎಲ್ಲೈತೋ ಕಾಡಸಿದ್ದಾ?"

"ಮೊದಲ ಕಾಗದ ಯವ್ವಾ. ಗಾಡಿ ಆಮ್ಯಾಲ."

"ಅಲ್ಲೀತನಕ ಕಾಗದದ ಮ್ಯಾಲ ಕುಂಡ್ರಿಸಿ ಕರಕೊಂಡು ಹೋಗ್ತೀಯೇನು ಮಂದೀನ?"

ಎಲ್ಲರೂ ನಕ್ಕರು. ನಾನು ಒಳಗೆ ನಕ್ಕೆ.

೭ ಮೇ, ಗುರುವಾರ

ಎರಡು ದಾರಿ ಇವೆಯಂತೆ.

ಒಂದು — ಕೊಲ್ಲಾಪುರದ ಕಾಕಾಸಾಹೇಬರ ಅಂಬಾಸಡರ್. ಹೊಚ್ಚ ಹೊಸದು. ತಿಂಗಳ ಬಾಡಿಗೆಗೆ ಕೊಡುತ್ತಾರೆ. ಕೆಟ್ಟರೆ ರಿಪೇರಿ ಅವರದೇ. ಇವರು ಒಳಗೆ ಕುಳಿತು ಬಂದಿದ್ದಾರೆ. ಹೊಸ ಸೀಟಿನ ವಾಸನೆ ಇನ್ನೂ ಮೂಗಿನಲ್ಲಿದೆ ಅಂದರು. ಆದರೆ ಒಂದು ಕರಾರು: ಗಾಡಿ ದಿನಾ ಕತ್ತಲಾಗುವ ಮೊದಲು ಅವರ ದೊಡ್ಡ ಮನೆಗೆ, ವಾಡ್ಯಾಕ್ಕೆ ಬರಬೇಕು. ಇವರೂ ಅಲ್ಲೇ ಮಲಗಬೇಕು. ಮನೆಗೆ ಹದಿನೈದು ದಿನಕ್ಕೊಮ್ಮೆ, ಅದೂ ಬಸ್ಸಿನಲ್ಲಿ.

ಇನ್ನೊಂದು — ಇಚಲಕರಂಜಿಯ ನೂಲಿನ ವ್ಯಾಪಾರಿ ಪಾರೀಸ ಅಣ್ಣಾ ಅವರದು. ಅವರ ಅಪ್ಪನ ಕಾಲದ ಕರಿ ಕಾರು. ಅಗ್ಗಕ್ಕೆ ಕೊಡುತ್ತಾರೆ. ಒಂದಿಷ್ಟು ಕುರಿ ಮಾರಿದರೆ ಸಾಕು, ಗಾಡಿ ನಮ್ಮದೇ.

ಮಾವನವರು ಹೊಸದರ ಕಡೆ. "ಹಲ್ಲು ಉದರಿದ ಟಗರು ತಗೊಂಡು ಏನ್ ಮಾಡ್ತೀ?" ಅಂದರು.

ಇವರು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ನೀ ಏನಂತಿ?"

"ನೀವು ತಿಳಿದಂಗ ಮಾಡ್ರಿ" ಅಂದೆ.

ಹಾಗೆ ಅನ್ನಬಾರದಿತ್ತು. ಬಾಯಿಗೆ ಬಂದದ್ದು ಅದೇ.

೧೦ ಮೇ, ರವಿವಾರ

ಇದನ್ನು ಇಲ್ಲಿಯಾದರೂ ಬರೆಯಬೇಕು.

ಹೋದ ಶ್ರಾವಣ. ಏಳನೇ ತಿಂಗಳಿಗೇ ಬೇನೆ ಬಂತು. ಇವರು ಟ್ರಕ್ ಮೇಲೆ ಪುಣೆಗೆ ಹೋಗಿದ್ದರು. ಬಸ್ಸು ಹೋಗಿಬಿಟ್ಟಿತ್ತು. ಎತ್ತಿನ ಚಕ್ಕಡಿಯಲ್ಲಿ ಗಡಹಿಂಗ್ಲಜದ ದವಾಖಾನೆಗೆ ಹೊರಟೆವು. ಮಳೆ. ಮಾವನವರು ನನ್ನ ಮೇಲೆ ಕಂಬಳಿ ಹಿಡಿದು ಚಕ್ಕಡಿಯ ಜೊತೆಗೇ ನಡೆದರು. ದಾರಿ ಮುಗಿಯಲೇ ಇಲ್ಲ... ಗಂಡು. ಅಳಲಿಲ್ಲ.

ಆ ಮಾತು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಎತ್ತದೇ ಇರುವುದೂ ಅವರ ಪ್ರೀತಿಯೇ.

ಈಗ ಮತ್ತೆ ಆರನೇ ತಿಂಗಳು.

ಹೊಸ ಗಾಡಿ ಬಂದರೆ ಅದು ಕೊಲ್ಲಾಪುರದಲ್ಲಿರುತ್ತದೆ. ನಾನು ಇಲ್ಲಿರುತ್ತೇನೆ.

೧೩ ಮೇ, ಬುಧವಾರ. ಸಂಜೆ

ಮಾತಾಡಿದೆ!

ಕಾಕಾಸಾಹೇಬರು ಹೇಳಿ ಕಳಿಸಿದ್ದರು — ಹ್ಞೂಂ ಅನ್ನುವುದಾದರೆ ನಾಳೆಯೇ ಬನ್ನಿ, ಬೇರೆಯವರೂ ಕೇಳುತ್ತಿದ್ದಾರೆ. ಮಾವನವರು ಕಟ್ಟೆಯ ಮೇಲೆ ಕುಳಿತು, "ನಾಳೆ ಹೋಗಿ ಮುಗಿಸಿ ಬಾ" ಅಂದರು. ಇವರು ತಲೆ ಆಡಿಸಿದರು.

ಮಾವನವರ ಎದುರು ಸೊಸೆ ಮಾತಾಡುವ ರೂಢಿ ನಮ್ಮಲ್ಲಿ ಇಲ್ಲ. ಅವರೂ ನನ್ನೊಂದಿಗೆ ನೇರ ಮಾತಾಡಿದವರಲ್ಲ. ನಾನು ಬಾಗಿಲ ಹಿಂದೆ ಮರಿಗೆ ಹಾಲು ಕುಡಿಸುತ್ತಿದ್ದೆ. ಎಲ್ಲಿಂದ ಧೈರ್ಯ ಬಂತೋ. ಮರಿಯ ಕಿವಿ ಹಿಡಿದು ಗಟ್ಟಿಯಾಗಿ ಅಂದೆ:

"ನಿಮ್ಮ ಅಜ್ಜಾಗ ಹೇಳು. ಹೊಸಾ ಗಾಡಿ ಭಾಳ ಛಲೋ ಐತಿ. ಖರೇ, ರಾತ್ರಿ ಅದು ಮಂದಿ ವಾಡ್ಯಾದಾಗ ಮಲಗತೈತಿ. ಹಳೇದು ಕೆಮ್ಮಿದ್ರೂ ನಮ್ಮ ಅಂಗಳದಾಗ ಕೆಮ್ಮತೈತಿ. ಶ್ರಾವಣ ಬರಾಕತ್ತೈತಿ ಅಂತ ಹೇಳು."

ಅತ್ತೆ ಬೀಸುವುದನ್ನು ನಿಲ್ಲಿಸಿದರು.

ಕಟ್ಟೆಯ ಮೇಲೆ ಮಾವನವರು ಕೆಮ್ಮಿದರು. ಅವರೂ ಮರಿಗೇ ಹೇಳಿದರು:

"ನಿಮ್ಮವ್ವಗ ಹೇಳು. ಅಜ್ಜಾಗ ಕೇಳಿಸ್ತು ಅಂತ."

ಮರಿ ನನ್ನ ಬೆರಳು ಚೀಪುತ್ತಿತ್ತು. ನನಗೆ ಅಳು ಬಂತು.

೨೦ ಮೇ, ಬುಧವಾರ

ಮಾವನವರು ತಾವೇ ಇಚಲಕರಂಜಿಗೆ ಹೋಗಿ ಬಂದರು, ಇವರ ಜೊತೆ. ಇವರು ಹೇಳಿ ಹೇಳಿ ನಗುತ್ತಾರೆ. ಮಾವನವರು ಗಾಡಿಯನ್ನು ಮೂರು ಸುತ್ತು ಸುತ್ತಿದರಂತೆ. ಬೆನ್ನು ಸವರಿದರಂತೆ. ಕೆಳಗೆ ಬಗ್ಗಿ ನೋಡಿದರಂತೆ. ಪಾರೀಸ ಅಣ್ಣಾ, "ಆಜೋಬಾ, ಇದು ಕುರಿ ಅಲ್ಲರಿ!" ಅಂದರಂತೆ.

"ಗೊತ್ತೈತ್ರಿ. ಕುರಿ ಆಗಿದ್ರ ಇಷ್ಟೊತ್ತಿಗೆ ಬ್ಯಾಡಂತಿದ್ದೆ."

ಪಾರೀಸ ಅಣ್ಣಾ ಒಳ್ಳೆಯವರು. ಮುಚ್ಚಿಡಲಿಲ್ಲ. "ಬ್ಯಾಟರಿ ಮುದಿ ಆಗೈತ್ರಿ. ಯಾವಾಗಲೂ ಇಳಿಜಾರದಾಗ ನಿಲ್ಲಿಸ್ರಿ, ಗಾಲಿ ಮುಂದ ಕಲ್ಲು ಇಡ್ರಿ. ಕಲ್ಲು ತಗದ್ರ ತಾನ ಉರುಳಿ ಚಾಲೂ ಆಗತೈತಿ" ಅಂದರಂತೆ. ನಮ್ಮ ಮನೆ ಇರುವುದೇ ದಿಬ್ಬದ ಮೇಲೆ. ಮಾವನವರು ಆ ಮಾತು ಕೇಳಿದ ಮೇಲೆಯೇ ಹ್ಞೂಂ ಅಂದದ್ದು.

೨ ಜೂನ್, ಮಂಗಳವಾರ

ಬಂತು!

ಕರಿ ಬಣ್ಣ ಅಲ್ಲಲ್ಲಿ ಹಾರಿದೆ. ಹಿಂದಿನ ಒಂದು ಕಿಟಕಿಗೆ ಗಾಜಿಲ್ಲ. ಎರಡೂ ಮಗ್ಗುಲಿಗೆ ಕಾಲಿಡುವ ಪಟ್ಟಿ, ಮನುಷ್ಯ ನಿಲ್ಲುವಷ್ಟು ಅಗಲ. ಅತ್ತೆ ಮುಷ್ಟಿ ತುಂಬ ಭಂಡಾರ ಹಿಡಿದು ಸುತ್ತ ಹುಡುಕಿದರು.

"ಇದರ ಬಾಯಿ ಎಲ್ಲೈತೋ?"

ಪೆಟ್ರೋಲ್ ಹಾಕುವ ಮುಚ್ಚಳಕ್ಕೆ ಕೈ ಹೋಗಿತ್ತು. ಇವರು ಓಡಿ ಬಂದು ಹಿಡಿದರು.

"ಯವ್ವಾ! ಅಲ್ಲಿ ಬ್ಯಾಡ! ಹಣಿಗೆ ಹಚ್ಚು, ಹಣಿಗೆ!"

ಹಣೆ ಎಲ್ಲಿ ಎಂದು ಮತ್ತೆ ಜಗಳ.

ಕಲ್ಲು ಆರಿಸಿದವಳು ನಾನು. ಬಟ್ಟೆ ಒಗೆಯುವಲ್ಲಿದ್ದ ಚಪ್ಪಟೆ ಕಲ್ಲು. ಬೆಳಗ್ಗೆ ತೆಗೆಯುವುದು, ಸಂಜೆ ಇಡುವುದು — ಅದು ನನ್ನ ಕೆಲಸ.

೨೩ ಜೂನ್, ಮಂಗಳವಾರ

ಮನಸ್ಸು ಸರಿಯಿಲ್ಲ. ಮೂರು ದಿನದಿಂದ ಗಾಡಿ ಕೆಟ್ಟು ನಿಂತಿದೆ. ಊರ ಮಂದಿ, "ಕಾಡಸಿದ್ದನ ಗಾಡಿಗೆ ಪೆಟ್ರೋಲ್ ಬ್ಯಾಡ, ನಾಕು ಮಂದಿ ಸಾಕು" ಅನ್ನುತ್ತಾರೆ. ಕಾಕಾಸಾಹೇಬರ ಹೊಸ ಗಾಡಿಯನ್ನು ಬೇರೊಬ್ಬ ಡ್ರೈವರ್ ಓಡಿಸುತ್ತಿದ್ದಾನಂತೆ. ಇವರು ಗಡಹಿಂಗ್ಲಜದಲ್ಲಿ ನೋಡಿ ಬಂದರು. ಊಟ ಅರ್ಧಕ್ಕೆ ಬಿಟ್ಟರು.

ನನ್ನಿಂದಲೇ ಅಲ್ಲವೇ ಎಂದು ಕೇಳಿದೆ.

ಇವರು ಕೈ ತುಂಬ ಎಣ್ಣೆಯ ಮಸಿ ತೋರಿಸಿ, "ಇದು ನಮ್ಮ ಗಾಡಿ ಮಸಿ. ಬೈಯಾಕೂ ನನಗ ಹಕ್ಕೈತಿ" ಅಂದರು. ತಾವೇ ನಕ್ಕರು.

ಇಂಥವರನ್ನು ಕೊಟ್ಟದ್ದಕ್ಕೆ ಯಾವ ದೇವರಿಗೆ ಕೈ ಮುಗಿಯಲಿ.

೧೭ ಆಗಸ್ಟ್, ಸೋಮವಾರ. ಗಡಹಿಂಗ್ಲಜ, ದವಾಖಾನೆ

ಬರೆಯುವಷ್ಟು ಶಕ್ತಿ ಇವತ್ತು ಬಂತು.

ಶುಕ್ರವಾರ ಬೆಳಗ್ಗೆ ಬೇನೆ. ಬಸ್ಸು ಹೋಗಿತ್ತು, ಹೋದ ವರ್ಷದ ಹಾಗೇ. ಮಳೆಯೂ ಹಾಗೇ. ಗಾಡಿ ಅಂಗಳದಲ್ಲಿತ್ತು. ಅತ್ತೆ ನನ್ನನ್ನು ಹಿಂದೆ ಮಲಗಿಸಿದರು. ಇವರು ಓಡಿಸಲು ಮುಂದೆ ಕುಳಿತರು, ಮಾವನವರು ಕಲ್ಲು ತೆಗೆದರು. ಗಾಡಿ ಉರುಳಿತು — ಸ್ವಲ್ಪ. ಕೆಸರಿಗೆ ಗಾಲಿ ಕೂತಿತು. ನಿಂತೇ ಬಿಟ್ಟಿತು.

ಅಷ್ಟು ಹೆದರಿಕೆ ನನಗೆ ಎಂದೂ ಆಗಿರಲಿಲ್ಲ. ಹೊಸದಾಗಿದ್ದರೆ... ಅಂತಲೂ ಅನಿಸಿತು. ಸುಳ್ಳು ಬರೆಯುವುದಿಲ್ಲ.

ಅತ್ತೆ ರಸ್ತೆಗೆ ಹೋಗಿ ಕೂಗಿದರು: "ದಿನಾ ನಗತೀರಲ್ಲೋ! ಇವತ್ತ ತಳ್ರೋ!"

ಹಾಲು ಹಾಕಲು ಹೊರಟವರು ಕ್ಯಾನುಗಳನ್ನು ಮಳೆಯಲ್ಲೇ ಬಿಟ್ಟು ಬಂದರು. ಯಾರು ಯಾರೋ ಗೊತ್ತಿಲ್ಲ. ನನ್ನ ಸೆರಗು ಅರ್ಧ ಮುಖದ ಮೇಲಿತ್ತು. ಹಿಂದಿನ ಗಾಜಿಗೆ ಒತ್ತಿದ ಅಂಗೈಗಳು ಮಾತ್ರ ಕಂಡವು. ದಿಬ್ಬದ ಬುಡದಲ್ಲಿ ಗಾಡಿ ಕೆಮ್ಮಿತು, ಎರಡು ಸಲ, ಮೂರು ಸಲ... ಹಿಡಿಯಿತು.

ಮಾವನವರು ಒಳಗೆ ಕೂರಲಿಲ್ಲ. ಹೊರಗಿನ ಪಟ್ಟಿಯ ಮೇಲೆ ನಿಂತು, ಗಾಜಿಲ್ಲದ ಕಿಟಕಿಗೆ ಕಂಬಳಿ ಅಡ್ಡ ಹಿಡಿದರು. ಅದೇ ಕಂಬಳಿ. ನಾನು ಅದನ್ನು ನೋಡಿ ಮುಖ ತಿರುಗಿಸಿದೆ. ಆಗ ಕಿಟಕಿಯಿಂದ ಅವರ ದನಿ ಬಂತು. ಮರಿಗೆ ಅಲ್ಲ. ಅತ್ತೆಗೆ ಅಲ್ಲ.

"ತಾರವ್ವಾ, ಗಟ್ಟಿ ಹಿಡಕೋ. ಇದು ಚಕ್ಕಡಿ ಅಲ್ಲವ್ವಾ."

ನನ್ನ ಹೆಸರು ಅವರ ಬಾಯಲ್ಲಿ ಮೊದಲ ಸಲ ಕೇಳಿದ್ದು.

ಮಧ್ಯಾಹ್ನ ಹೆಣ್ಣು ಹುಟ್ಟಿತು. ಅತ್ತಿತು. ದವಾಖಾನೆಯೆಲ್ಲ ಕೇಳುವ ಹಾಗೆ ಅತ್ತಿತು.

ಆ ಅಂಗೈಗಳು ಚೆನ್ನಾಗಿರಲಿ.

೨೪ ಸೆಪ್ಟೆಂಬರ್, ಗುರುವಾರ. ನೇಸರಿ

ಬಿಸಿಲು ಬಿದ್ದಿದೆ. ಮಗು ಕಟ್ಟೆಯ ಮೇಲೆ ಮಾವನವರ ತೊಡೆಯಲ್ಲಿ. ಮರಿ ದೊಡ್ಡದಾಗಿ ಹಿಂಡಿಗೆ ಸೇರಿದೆ. ಈಗ ಮಾತೆಲ್ಲ ಮಗುವಿನ ಕಿವಿಗೆ.

ಇವರು ಗಾಡಿಯಲ್ಲಿ ಕುಳಿತಿದ್ದರು. ನಾನು ಗಾಲಿಯ ಹತ್ತಿರ ಬಗ್ಗಿದೆ.

"ನಿಮ್ಮವ್ವಗ ಹೇಳು," ಅಂದರು ಮಾವನವರು. "ಕಲ್ಲು ತಂಪೈತಿ, ಬಾಣಂತಿ ಮುಟ್ಟಬಾರದು ಅಂತ."

"ನಿಮ್ಮ ಅಜ್ಜಾಗ ಹೇಳು," ಅಂದೆ. "ಬಿಸಿಲಿಗೆ ಬೆಚ್ಚಗಾಗೈತಿ ಅಂತ."

ಎರಡೂ ಕೈಯಿಂದ ಕಲ್ಲು ತೆಗೆದೆ. ಗಾಡಿ ದಿಬ್ಬ ಇಳಿಯಿತು, ಒಮ್ಮೆ ಕೆಮ್ಮಿತು, ಹಿಡಿಯಿತು.